ಎಚ್‌ಆರ್‌ಟಿ ತೆಗೆದುಕೊಳ್ಳುವಾಗಲೂ ಗರ್ಭನಿರೋಧಕ ಬೇಕಾ? ಯಾರಿಗೆ ಯಾವುದು ಸರಿ

"ಅಕ್ಕಾ, ಡಾಕ್ಟ್ರು ಹಾರ್ಮೋನ್ ಶುರು ಮಾಡಿದ್ದಾರೆ. ಇನ್ನು ಈ ಕಾಪರ್ ಟಿ ತೆಗೆಸಬಹುದಲ್ಲಾ?"

ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಬೆಳಿಗ್ಗೆ ನನ್ನ ಜೊತೆ ನಡೆಯುವವಳು ಕೇಳಿದ ಪ್ರಶ್ನೆ ಇದು. ಅವಳಿಗೆ 47. ಮುಟ್ಟು ಒಮ್ಮೆ ಎರಡು ತಿಂಗಳಿಗೆ ಬರುತ್ತದೆ, ಒಮ್ಮೆ ಮೂರು ತಿಂಗಳಿಗೆ. ರಾತ್ರಿ ಬೆವರಿ ಎದ್ದು ಕೂರುತ್ತಿದ್ದಳು. ಮೇ ತಿಂಗಳಲ್ಲಿ ಅದನ್ನು ಉಡುಪಿಯ ಸೆಕೆ ಅಂತಲೇ ತಿಳಿದಿದ್ದಳಂತೆ. ಮಳೆ ಹಿಡಿದು ಊರೆಲ್ಲ ತಂಪಾದ ಮೇಲೂ ಬೆವರು ನಿಲ್ಲಲಿಲ್ಲ. ಆಗ ಡಾಕ್ಟರ ಹತ್ತಿರ ಹೋಗಿದ್ದಾಳೆ.

"ತೆಗೆಸಬೇಡ ಮಾರಾಯ್ತಿ" ಅಂದೆ. ಅಷ್ಟು ಗಟ್ಟಿಯಾಗಿ ಹೇಳಲು ನನಗೆ ಕಾರಣ ಉಂಟು.

ಎಚ್‌ಆರ್‌ಟಿ ಅಂದರೆ ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗಳಿಗೆ ಕೊಡುವ ಹಾರ್ಮೋನ್ ಚಿಕಿತ್ಸೆ. ನಾನು ಅದನ್ನು ಶುರು ಮಾಡಿದ್ದು 48ರಲ್ಲಿ. ಯಾವ ಮಾತ್ರೆ ಯಾವಾಗ ಅಂತ ಡಾಕ್ಟರು ಚೆನ್ನಾಗಿ ವಿವರಿಸಿದರು. ಗರ್ಭ ನಿಲ್ಲುವ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿವರೆಗೆ ನಾವು ಕಾಂಡೋಮ್ ಬಳಸುತ್ತಿದ್ದೆವು. ಹೇಗೂ ಹಾರ್ಮೋನ್ ಮಾತ್ರೆ ತಾನೇ, ಇನ್ನು ಯಾಕೆ ಅಂತ ಬಿಟ್ಟೆವು. ನಾಲ್ಕನೇ ತಿಂಗಳು ಬರಬೇಕಾದ ಸ್ರಾವ ಬರಲಿಲ್ಲ. ಎದೆ ನೋವು. ಬಂಗುಡೆ ಹುರಿಯುವ ವಾಸನೆಗೆ ಹೊಟ್ಟೆ ತೊಳಸಿತು. ಮರುದಿನ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ವಾಷಿಂಗ್ ಮೆಷಿನ್ ಮೇಲೆ ಟೆಸ್ಟ್ ಕಿಟ್ ಇಟ್ಟು ಐದು ನಿಮಿಷ ನಿಂತಿದ್ದೆ. ಹೊರಗೆ ಮಗಳು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಕರೆಯುತ್ತಿದ್ದಳು. ಒಂದೇ ಗೆರೆ ಬಂತು. ಆ ಐದು ನಿಮಿಷ ನಿಮಗ್ಯಾರಿಗೂ ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಎರಡೂ ಹಾರ್ಮೋನೇ, ಮತ್ತೆ ಯಾಕೆ ಸಾಲದು?

ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟೋಜನ್ ಇರುತ್ತವೆ. ಎಚ್‌ಆರ್‌ಟಿಯಲ್ಲೂ ಅವೇ. ಗೊಂದಲ ಹುಟ್ಟುವುದು ಇಲ್ಲೇ. ಚೀಟಿ ನೋಡಿದರೆ ಇನ್ನೂ ಗೊಂದಲ. ಎಚ್‌ಆರ್‌ಟಿಯಲ್ಲಿ ಎಸ್ಟ್ರಾಡಿಯಾಲ್ (ಒಂದು ಬಗೆಯ ಈಸ್ಟ್ರೋಜನ್) 1 ಅಥವಾ 2 ಮಿಲಿಗ್ರಾಂ ಅಂತ ಬರೆದಿರುತ್ತದೆ. ಗರ್ಭನಿರೋಧಕ ಮಾತ್ರೆಯಲ್ಲಿ ಸಾಮಾನ್ಯವಾಗಿ 20ರಿಂದ 35 ಮೈಕ್ರೋಗ್ರಾಂ. ಆದರೆ ಅದು ಎಥಿನೈಲ್ ಎಸ್ಟ್ರಾಡಿಯಾಲ್ ಅನ್ನುವ ಬೇರೆ ರೂಪ, ಬಹಳ ಜೋರಿನದು. ಪ್ರೊಜೆಸ್ಟೋಜನ್ ಜೊತೆ ಸೇರಿ ಅಂಡಾಶಯದ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಎಚ್‌ಆರ್‌ಟಿಯ ಕೆಲಸ ಅದಲ್ಲ. ಮೈಯಲ್ಲಿ ಕಡಿಮೆಯಾದದ್ದನ್ನು ಸ್ವಲ್ಪ ತುಂಬುತ್ತದೆ ಅಷ್ಟೇ. ಅಂಡಾಣು ಬಿಡುಗಡೆಯಾಗುವುದಿದ್ದರೆ ಆಗಿಯೇ ಆಗುತ್ತದೆ.

ಮುಟ್ಟು ನಿಲ್ಲುವ ಮೊದಲಿನ ವರ್ಷಗಳು ನಮ್ಮ ಮಳೆಗಾಲದ ಕೊನೆಯ ಹಾಗೆ. ಎಂಟು ದಿನ ಒಳ್ಳೆ ಬಿಸಿಲು. ಮಳೆ ಮುಗಿಯಿತು ಅಂತ ಹಪ್ಪಳ ಒಣಗಲು ಹಾಕಿದ ದಿನವೇ ಸಂಜೆ ಸುರಿಯುತ್ತದೆ. ಮೂರು ತಿಂಗಳು ಮುಟ್ಟಾಗದವಳಿಗೆ ನಾಲ್ಕನೇ ತಿಂಗಳು ಅಂಡಾಣು ಬಿಡಬಹುದು. ವಯಸ್ಸು 40 ದಾಟಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ, ನಿಜ. ನಿಂತರೆ ಮಾತ್ರ ಗರ್ಭಪಾತ, ಬಿಪಿ, ಗರ್ಭಿಣಿಯರ ಸಕ್ಕರೆ ಕಾಯಿಲೆ ಎಲ್ಲದರ ಅಪಾಯವೂ ಜಾಸ್ತಿ.

ಇದೇ ತೊಂದರೆಗಳಿಗೆ ಕೊಡುವ ಟಿಬೊಲೋನ್ ಮಾತ್ರೆಯೂ ಗರ್ಭನಿರೋಧಕ ಅಲ್ಲ. ಯೋನಿಯ ಒಣಗುವಿಕೆಗೆ ಕೊಡುವ ಈಸ್ಟ್ರೋಜನ್ ಕ್ರೀಮ್ ಕೂಡ ಅಲ್ಲ.

ಮೊದಲು ನೋಡಬೇಕಾದ್ದು: ನಿಮಗೆ ಬೇಕಾ, ಬೇಡವಾ

ಟ್ಯೂಬೆಕ್ಟಮಿ (ಗರ್ಭನಾಳ ಕಟ್ಟುವ ಆಪರೇಷನ್) ಆಗಿದ್ದರೆ ಚಿಂತೆ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಮಕ್ಕಳು ಹೆರುವ ವಯಸ್ಸಿನ ಮದುವೆಯಾದ 100 ಹೆಂಗಸರಲ್ಲಿ ಸುಮಾರು 38 ಮಂದಿಗೆ ಈ ಆಪರೇಷನ್ ಆಗಿದೆ. ಗಂಡನಿಗೆ ವ್ಯಾಸೆಕ್ಟಮಿ (ಗಂಡಸರಿಗೆ ಮಾಡುವ ಸಂತಾನ ನಿಯಂತ್ರಣ ಆಪರೇಷನ್) ಆಗಿ, ವೀರ್ಯ ಪರೀಕ್ಷೆಯಲ್ಲಿ ಸರಿ ಅಂತ ಬಂದಿದ್ದರೂ ಅಷ್ಟೇ. ಗರ್ಭಕೋಶ ತೆಗೆಸಿದವರಿಗೆ ಕೇಳುವ ಅಗತ್ಯವೇ ಇಲ್ಲ.

ಇಲ್ಲಿ ಒಂದು ಮಾತು ನಿಧಾನವಾಗಿ ಹೇಳಬೇಕು. ನಮ್ಮಲ್ಲಿ ಎಲ್ಲದಕ್ಕೂ "ಆಪರೇಷನ್ ಆಗಿದೆ" ಅಂತ ಒಂದೇ ಮಾತು. ಡಾಕ್ಟರ ಎದುರು ಅಷ್ಟೇ ಹೇಳಿದರೆ ಸಾಲದು. ನಾಳ ಕಟ್ಟಿದ್ದು ಮಾತ್ರವಾದರೆ ಗರ್ಭಕೋಶ ಒಳಗೇ ಇದೆ. ಬರೀ ಈಸ್ಟ್ರೋಜನ್ ಕೊಟ್ಟರೆ ಅದರ ಒಳಪದರ ದಪ್ಪವಾಗುತ್ತಾ ಹೋಗಿ ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಹಾಗಾಗಿ ಜೊತೆಗೆ ಪ್ರೊಜೆಸ್ಟೆರಾನ್ (ಪ್ರೊಜೆಸ್ಟೋಜನ್ ಗುಂಪಿನ ಹಾರ್ಮೋನ್) ಬೇಕೇ ಬೇಕು. ಗರ್ಭಕೋಶವನ್ನೇ ತೆಗೆದಿದ್ದರೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಯಾವ ಆಪರೇಷನ್ ಅಂತ ಖಾತ್ರಿ ಇಲ್ಲದಿದ್ದರೆ ಹಳೆಯ ಡಿಸ್ಚಾರ್ಜ್ ಕಾರ್ಡ್ ಹುಡುಕಿ. ಸಿಗದಿದ್ದರೆ ಸ್ಕ್ಯಾನ್ ಮಾಡಿ ನೋಡಬಹುದು.

ಇನ್ನು ಎಚ್‌ಆರ್‌ಟಿ ಶುರು ಮಾಡುವ ಮೊದಲೇ ಮುಟ್ಟು ಪೂರ್ತಿ ನಿಂತಿದ್ದರೆ? ಡಾಕ್ಟರುಗಳು ಇಡುವ ಲೆಕ್ಕ ಹೀಗೆ. ಕೊನೆಯ ಮುಟ್ಟು 50 ದಾಟಿದ ಮೇಲೆ ಬಂದಿದ್ದರೆ, ಆಮೇಲೆ ಒಂದು ವರ್ಷ ಗರ್ಭನಿರೋಧಕ ಬೇಕು. 50ಕ್ಕಿಂತ ಮೊದಲೇ ಆಗಿದ್ದರೆ ಎರಡು ವರ್ಷ. 55 ತುಂಬಿದ ಮೇಲೆ ಬಹುತೇಕ ಯಾರಿಗೂ ಬೇಡ. ಬ್ರಿಟನ್ನಿನ ತಜ್ಞ ವೈದ್ಯರ ಮಾರ್ಗಸೂಚಿಯಲ್ಲಿರುವ ಲೆಕ್ಕ ಇದು. ಅಲ್ಲಿಯ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 51ಕ್ಕೆ. ನಮ್ಮ ದೇಶದಲ್ಲಿ 46–47ರ ಆಸುಪಾಸು. ಅಂದರೆ ನಮ್ಮಲ್ಲಿ ಹೆಚ್ಚಿನವರು ಬರುವುದು ಎರಡು ವರ್ಷದ ಲೆಕ್ಕಕ್ಕೆ. "ಒಂದು ವರ್ಷ ಆಯ್ತಲ್ಲ, ಸಾಕು" ಅನ್ನುವ ಮಾತು 47ರವಳಿಗೆ ಹೊಂದುವುದಿಲ್ಲ.

40ಕ್ಕೆ ಮೊದಲೇ ಅಂಡಾಶಯ ಸೋತವರ ಕಥೆ ಬೇರೆ. ಅವರಲ್ಲಿ 100ಕ್ಕೆ 5ರಿಂದ 10 ಮಂದಿಗೆ ಆಮೇಲೂ ತಾನಾಗಿ ಗರ್ಭ ನಿಲ್ಲುವುದುಂಟು. ಮಗು ಬೇಡವಾದರೆ ಅವರೂ ಜಾಗ್ರತೆ ಮಾಡಬೇಕು.

ಕ್ಯಾಲೆಂಡರಿನ ಚುಕ್ಕೆ

ಎಚ್‌ಆರ್‌ಟಿ ಶುರುವಾದ ಮೇಲೆ ಈ ಲೆಕ್ಕ ಕೈತಪ್ಪುತ್ತದೆ. ಇನ್ನೂ ಮುಟ್ಟಾಗುತ್ತಿರುವವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ದಿನಾ, ಪ್ರೊಜೆಸ್ಟೆರಾನ್ ತಿಂಗಳಲ್ಲಿ 12–14 ದಿನ ಕೊಡುತ್ತಾರೆ. ಅದು ಮುಗಿದಾಗ ಸ್ರಾವ ಬರುತ್ತದೆ. ನೋಡಲು ಮುಟ್ಟಿನ ಹಾಗೇ ಇರುತ್ತದೆ. ಆದರೆ ಅದು ಔಷಧಿ ತರಿಸಿದ ಸ್ರಾವ. ನಿಮ್ಮ ಸ್ವಂತ ಮುಟ್ಟು ನಿಂತಿದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ.

ರಕ್ತದ ಎಫ್‌ಎಸ್‌ಎಚ್ ಪರೀಕ್ಷೆ (ಅಂಡಾಶಯದ ಕೆಲಸ ನಿಲ್ಲುತ್ತಿದೆಯಾ ಅಂತ ಸುಳಿವು ಕೊಡುವ ಹಾರ್ಮೋನಿನ ಪರೀಕ್ಷೆ) ಮಾಡಿಸಿದರೆ ಆಗುವುದಿಲ್ವಾ ಅಂತ ಕೇಳುವವರಿದ್ದಾರೆ. ಎಚ್‌ಆರ್‌ಟಿ ಅಥವಾ ಎರಡೂ ಹಾರ್ಮೋನಿರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಆ ಅಂಕಿಯನ್ನು ನಂಬುವ ಹಾಗಿಲ್ಲ. 50 ದಾಟಿ, ಬರೀ ಪ್ರೊಜೆಸ್ಟೋಜನ್ ಇರುವ ಮಾತ್ರೆ ಅಥವಾ ಕಾಯಿಲ್ (ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಸಾಧನ) ಬಳಸುತ್ತಾ ಮುಟ್ಟೇ ಬಾರದವರಿಗೆ ಮಾತ್ರ ಅದು ಉಪಯೋಗ. 30ಕ್ಕಿಂತ ಜಾಸ್ತಿ ಬಂದರೆ, ಇನ್ನೊಂದು ವರ್ಷ ಮುಂದುವರಿಸಿ ನಿಲ್ಲಿಸಬಹುದು.

ಅದಕ್ಕೇ ಎಚ್‌ಆರ್‌ಟಿ ಶುರು ಮಾಡುವ ಮೊದಲಿನ ಕೊನೆಯ ಮುಟ್ಟಿನ ತಾರೀಕು ಬರೆದಿಡಿ. ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ನೇಮ, ಮದುವೆ ಎಲ್ಲ ಇರುತ್ತದೆ. ಆ ಗೀಟುಗಳ ನಡುವೆ ಕೆಂಪು ಪೆನ್ನಿನ ಒಂದು ಸಣ್ಣ ಚುಕ್ಕೆ ಸಾಕು. ವರ್ಷ ಮುಗಿದಾಗ ಕ್ಯಾಲೆಂಡರ್ ರದ್ದಿಗೆ ಹಾಕುವ ಮುಂಚೆ ಆ ತಾರೀಕನ್ನು ಔಷಧಿಯ ಫೈಲಿಗೆ ಬರೆದುಕೊಳ್ಳಿ. ಲೆಕ್ಕವೇ ಸಿಗದಿದ್ದರೆ 55ರವರೆಗೆ ಗರ್ಭನಿರೋಧಕ ಮುಂದುವರಿಸುವುದು ಸುರಕ್ಷಿತ ದಾರಿ.

ಹಾರ್ಮೋನ್ ಕಾಯಿಲ್: ಒಂದೇ ಸಾಧನ, ಎರಡು ಕೆಲಸ

ನನ್ನನ್ನು ಕೇಳಿದರೆ, ಎಚ್‌ಆರ್‌ಟಿಯೂ ಬೇಕು ಗರ್ಭನಿರೋಧಕವೂ ಬೇಕು ಅನ್ನುವವರು ಮೊದಲು ಯೋಚಿಸಬೇಕಾದ್ದು ಇದನ್ನು. 52 ಮಿಲಿಗ್ರಾಂ ಲಿವೊನೊರ್ಜೆಸ್ಟ್ರೆಲ್ ಅನ್ನುವ ಪ್ರೊಜೆಸ್ಟೋಜನ್ ಇರುವ ಸಣ್ಣ ಟಿ ಆಕಾರದ ಸಾಧನ ಇದು. ಗರ್ಭಕೋಶದೊಳಗೆ ಕೂರಿಸುತ್ತಾರೆ. ಗರ್ಭ ನಿಲ್ಲದಂತೆಯೂ ತಡೆಯುತ್ತದೆ, ಎಚ್‌ಆರ್‌ಟಿಯ ಈಸ್ಟ್ರೋಜನ್‌ನಿಂದ ಒಳಪದರ ದಪ್ಪವಾಗದಂತೆಯೂ ಕಾಯುತ್ತದೆ. ಹಾಗಾಗಿ ಬೇರೆ ಪ್ರೊಜೆಸ್ಟೆರಾನ್ ಗುಳಿಗೆ ನುಂಗಬೇಕಾಗಿಲ್ಲ. ಮೇಲಿಂದ ಈಸ್ಟ್ರೋಜನ್ ಜೆಲ್ ಅಥವಾ ಮಾತ್ರೆ ಇದ್ದರೆ ಆಯಿತು.

ಈ ವಯಸ್ಸಿನಲ್ಲಿ ಎಷ್ಟೋ ಮಂದಿಗೆ ವಿಪರೀತ ರಕ್ತ ಹೋಗುತ್ತದೆ. ಮುಟ್ಟಿನ ದಿನಗಳಲ್ಲಿ ಮಂಗಳೂರಿಗೆ ಬಸ್ಸಿನಲ್ಲಿ ಹೋಗಲೂ ಹೆದರುವವರನ್ನು ನಾನು ಬಲ್ಲೆ. ಎದ್ದು ನಿಂತರೆ ಸೀಟು ನೋಡಬೇಕು, ಬ್ಯಾಗಿನಲ್ಲಿ ಇನ್ನೊಂದು ಚೂಡಿದಾರ್ ಇಟ್ಟುಕೊಳ್ಳಬೇಕು. ಅಂಥವರಿಗೆ ಕಾಯಿಲ್ ದೊಡ್ಡ ಸಮಾಧಾನ. ಸ್ರಾವ ತುಂಬಾ ಇಳಿಯುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಹಾಕುವಾಗ ನೋವಾಗುತ್ತದೆ. ಮೊದಲ ಮೂರರಿಂದ ಆರು ತಿಂಗಳು ಚೂರು ಚೂರು ರಕ್ತ ಕಾಣುವುದು ಸಾಮಾನ್ಯ. ಇದು ಗೊತ್ತಿಲ್ಲದೆ ಎರಡನೇ ತಿಂಗಳಿಗೇ ತೆಗೆಸಿದವರಿದ್ದಾರೆ. ವಿಪರೀತ ಅಥವಾ ಅಡ್ಡಾದಿಡ್ಡಿ ಸ್ರಾವ ಇದ್ದರೆ ಕಾರಣ ಏನು ಅಂತ ಸ್ಕ್ಯಾನ್, ಬೇಕಾದರೆ ಬಯಾಪ್ಸಿ ಮಾಡಿ ನೋಡಿದ ಮೇಲೆಯೇ ಹಾಕಿಸಬೇಕು. ಕಾಪರ್ ಟಿ ಹಾಗೆ ಇದು ಸರ್ಕಾರಿ ಕೇಂದ್ರಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ, ಖರ್ಚು ಮೊದಲೇ ಕೇಳಿಕೊಳ್ಳಿ.

ಅವಧಿಯ ಲೆಕ್ಕವೂ ಎರಡು ಬಗೆ. 45 ದಾಟಿ ಹಾಕಿಸಿದ್ದರೆ ಗರ್ಭನಿರೋಧಕವಾಗಿ 55ರವರೆಗೆ ನಡೆಯುತ್ತದೆ. ಎಚ್‌ಆರ್‌ಟಿಯ ಭಾಗವಾಗಿ ಬಳಸುವುದಾದರೆ ಮಾತ್ರ 5 ವರ್ಷಕ್ಕೆ ಬದಲಿಸಬೇಕು. ಕಡಿಮೆ ಹಾರ್ಮೋನಿನ ಚಿಕ್ಕ ಕಾಯಿಲ್‌ಗಳೂ ಇವೆ. ಅವು ಎಚ್‌ಆರ್‌ಟಿ ಜೊತೆಗಿನ ಕೆಲಸಕ್ಕೆ ಆಗುವುದಿಲ್ಲ. 52 ಮಿಲಿಗ್ರಾಮಿನದ್ದೇ ಅಂತ ಕೇಳಿ.

ಕಾಪರ್ ಟಿ: ಈಗಾಗಲೇ ಇದ್ದರೆ ಇರಲಿ

ಇದರಲ್ಲಿ ಹಾರ್ಮೋನಿಲ್ಲ. ಎಚ್‌ಆರ್‌ಟಿ ಜೊತೆ ಯಾವ ಜಗಳವೂ ಇಲ್ಲ. 40 ದಾಟಿದ ಮೇಲೆ ಹಾಕಿಸಿದ್ದರೆ ಮುಟ್ಟು ನಿಂತು, ಮೇಲೆ ಹೇಳಿದ ಒಂದೋ ಎರಡೋ ವರ್ಷ ಕಳೆಯುವವರೆಗೂ ಅದನ್ನೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಮೊದಲು ಹಾಕಿಸಿದ್ದರೆ ಕಾರ್ಡಿನಲ್ಲಿ ಬರೆದ ಅವಧಿ ನೋಡಿ. 380ಎ ಅನ್ನುವುದಕ್ಕೆ 10 ವರ್ಷ.

ಒಳಪದರವನ್ನು ಇದು ಕಾಯುವುದಿಲ್ಲ. ಆದ್ದರಿಂದ ಎಚ್‌ಆರ್‌ಟಿಯಲ್ಲಿ ಪ್ರೊಜೆಸ್ಟೆರಾನ್ ಇರಲೇಬೇಕು. ಸ್ರಾವ ಜಾಸ್ತಿ ಇರುವವರಿಗೆ ಇದು ಇನ್ನಷ್ಟು ಜಾಸ್ತಿ ಮಾಡಬಹುದು. ಹೊಸದಾಗಿ ಹಾಕಿಸುವವರು ಅದನ್ನು ಯೋಚಿಸಿ. ಕೆಲಸ ಮುಗಿದ ಮೇಲೆ ಮರೆತು ಒಳಗೇ ಬಿಡಬೇಡಿ, ತೆಗೆಸಿ.

ಮಾತ್ರೆಗಳಲ್ಲಿ ಎರಡು ಜಾತಿ

ಬರೀ ಪ್ರೊಜೆಸ್ಟೋಜನ್ ಇರುವ ಮಾತ್ರೆ, ಉದಾಹರಣೆಗೆ ಡೆಸೊಜೆಸ್ಟ್ರೆಲ್ 75 ಮೈಕ್ರೋಗ್ರಾಂ, ಎಚ್‌ಆರ್‌ಟಿ ಜೊತೆ ತೆಗೆದುಕೊಳ್ಳಬಹುದು. 55ರವರೆಗೂ ನಡೆಯುತ್ತದೆ. ದಿನಾ ಒಂದೇ ಹೊತ್ತಿಗೆ, ನಡುವೆ ಬಿಡುವಿಲ್ಲದೆ. 12 ಗಂಟೆಗಿಂತ ತಡವಾದರೆ ರಕ್ಷಣೆ ತಪ್ಪಬಹುದು. ಬಿಪಿ ಇದ್ದವರಿಗೂ ಸಾಮಾನ್ಯವಾಗಿ ಆಗುತ್ತದೆ. ಆದರೆ ಗಮನಿಸಿ: ಇದರಲ್ಲಿ ಪ್ರೊಜೆಸ್ಟೋಜನ್ ಇದೆ ಅಂತ ಎಚ್‌ಆರ್‌ಟಿಯ ಪ್ರೊಜೆಸ್ಟೆರಾನ್ ಗುಳಿಗೆ ಬಿಡುವ ಹಾಗಿಲ್ಲ. ಒಳಪದರ ಕಾಯಲು ಇದನ್ನು ನಂಬಲಾಗುವುದಿಲ್ಲ. ಎರಡೂ ಬೇಕು. ಈಗಾಗಲೇ ಬಿಪಿ, ಥೈರಾಯ್ಡ್ ಅಂತ ಮಾತ್ರೆಗಳ ಡಬ್ಬಿ ತುಂಬಿದವರಿಗೆ ಇದೊಂದು ಭಾರವೇ.

ಎರಡೂ ಹಾರ್ಮೋನಿರುವ ಮಾಮೂಲಿ ಗರ್ಭನಿರೋಧಕ ಮಾತ್ರೆಯನ್ನು ಎಚ್‌ಆರ್‌ಟಿ ಜೊತೆ ಸೇರಿಸಿ ತೆಗೆದುಕೊಳ್ಳುವುದಲ್ಲ, ಅದರ ಬದಲಿಗೆ ತೆಗೆದುಕೊಳ್ಳುವುದು. 50ರ ಒಳಗಿನ, ಆರೋಗ್ಯ ಗಟ್ಟಿ ಇರುವ ಹೆಂಗಸಿಗೆ ಇದೊಂದೇ ಸೆಕೆ, ಬೆವರು ತಗ್ಗಿಸಿ, ಮುಟ್ಟು ಸರಿಮಾಡಿ, ಗರ್ಭವನ್ನೂ ತಡೆಯುತ್ತದೆ. ನಡುವಿನ 7 ದಿನದ ಬಿಡುವಿನಲ್ಲಿ ಸೆಕೆ ಮತ್ತೆ ಬಂದರೆ, ಬಿಡುವಿಲ್ಲದೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಬಿಪಿ, ಸಿಗರೇಟು, ಕಣ್ಣಿಗೆ ಮಿಂಚು ಬಂದು ಶುರುವಾಗುವ ಮೈಗ್ರೇನ್, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಸ್ತನ ಕ್ಯಾನ್ಸರ್: ಇವುಗಳಲ್ಲಿ ಒಂದಿದ್ದರೂ ಈ ಮಾತ್ರೆ ಬೇಡ. 50 ತುಂಬಿದ ಮೇಲೆ ಆರೋಗ್ಯವಂತರೂ ನಿಲ್ಲಿಸಿ ಬೇರೆಯದಕ್ಕೆ ಹೋಗಬೇಕು. ಮೆಡಿಕಲ್ಲಿನಲ್ಲಿ ಸುಮ್ನೆ ಕೇಳಿ ತರುವ ಮಾತ್ರೆ ಇದಲ್ಲ. ಬಿಪಿ ನೋಡಿಸದೆ 45ರ ಮೇಲೆ ಇದನ್ನು ಮುಟ್ಟಲೇಬೇಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವವು

ಮಂಗಳೂರಿನ ಲೇಡಿಗೋಷನ್‌ನಂಥ ಸರ್ಕಾರಿ ಆಸ್ಪತ್ರೆಗಳಿಂದ ಹಿಡಿದು ಊರಿನ ಆರೋಗ್ಯ ಕೇಂದ್ರದವರೆಗೆ ಕುಟುಂಬ ಯೋಜನೆಯ ಸಾಧನಗಳು ಉಚಿತ. ಕಾಪರ್ ಟಿ, ನಿರೋಧ್ ಜೊತೆಗೆ 2017ರಿಂದ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ ಸೇರಿವೆ. ಅಂತರಾ ಮೂರು ತಿಂಗಳಿಗೊಮ್ಮೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಸುತ್ತದೆ. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಮೂಳೆ ಹೇಗೂ ಸವೆಯುತ್ತಿರುತ್ತದೆ, ಅಲ್ವಾ. 50ಕ್ಕೆ ಇದನ್ನೂ ಬಿಡಬೇಕು. ಛಾಯಾ ಲಖನೌದ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಮಾತ್ರೆ. ಚಿಕ್ಕ ವಯಸ್ಸಿನವರಿಗೆ ಒಳ್ಳೆಯದು. ಆದರೆ ಅದು ಕೆಲಸ ಮಾಡುವುದೇ ಈಸ್ಟ್ರೋಜನ್ ಕೂರುವ ಜಾಗದಲ್ಲಿ. ಎಚ್‌ಆರ್‌ಟಿ ಜೊತೆ ನಿಮ್ಮಷ್ಟಕ್ಕೆ ಸೇರಿಸಿಕೊಳ್ಳಬೇಡಿ.

ಕಾಂಡೋಮ್, ಮತ್ತು ತೆಂಗಿನೆಣ್ಣೆಯ ವಿಷಯ

ಅಪರೂಪಕ್ಕೆ ಸೇರುವ ದಂಪತಿಗೆ ಕಾಂಡೋಮ್ ಸಾಕು. ಅಡ್ಡಪರಿಣಾಮ ಇಲ್ಲ, ಸೋಂಕಿನಿಂದಲೂ ಕಾಪಾಡುತ್ತದೆ. ಪ್ರತಿ ಸಲವೂ ಬಳಸಬೇಕು ಅಷ್ಟೇ.

ಈ ವಯಸ್ಸಿನಲ್ಲಿ ಒಣಗುವಿಕೆ ಸಾಮಾನ್ಯ. ನಮ್ಮ ಕರಾವಳಿಯಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ. ತಲೆಗೆ, ಸಾರಿಗೆ, ಮಗುವಿನ ಮೈಗೆ. ಹಾಗಾಗಿ ಕೈ ಮೊದಲು ಹೋಗುವುದು ಅದಕ್ಕೇ. ಆದರೆ ಎಣ್ಣೆ ತಾಗಿದರೆ ಲೇಟೆಕ್ಸ್ ಕಾಂಡೋಮ್ ಕೆಲವೇ ನಿಮಿಷಗಳಲ್ಲಿ ಸಡಿಲವಾಗುತ್ತದೆ, ಹರಿಯಬಹುದು. ಒಳಗೆ ಹಚ್ಚುವ ಕೆಲವು ಈಸ್ಟ್ರೋಜನ್ ಕ್ರೀಮ್‌ಗಳಲ್ಲೂ ಎಣ್ಣೆ ಅಂಶ ಇರುತ್ತದೆ, ಪ್ಯಾಕೆಟ್ ಓದಿ. ನೀರಿನ ಅಂಶದ ಜೆಲ್ ಮೆಡಿಕಲ್ಲಿನಲ್ಲಿ ಸಿಗುತ್ತದೆ, ಅದನ್ನೇ ತನ್ನಿ.

"ದಿನ ಲೆಕ್ಕ ಹಾಕಿ ಸೇರುತ್ತೇವೆ" ಅನ್ನುವುದು ಈಗ ನಡೆಯದು. ಮುಟ್ಟಿಗೇ ಲೆಕ್ಕ ತಪ್ಪಿರುವಾಗ ಯಾವ ದಿನ ಸುರಕ್ಷಿತ ಅಂತ ಹೇಗೆ ಹೇಳುವುದು? 48ರಲ್ಲಿ ಹೊಸದಾಗಿ ಟ್ಯೂಬೆಕ್ಟಮಿ ಮಾಡಿಸುವುದೂ ನನಗೆ ಸರಿ ಕಾಣುವುದಿಲ್ಲ. ಕೆಲವೇ ವರ್ಷಕ್ಕೆ ಅರಿವಳಿಕೆ, ಕೊಯ್ತ ಯಾಕೆ? ಗಂಡ ವ್ಯಾಸೆಕ್ಟಮಿಗೆ ಒಪ್ಪಿದರೆ ಅದು ಸಣ್ಣ ಕೆಲಸ, ಆದರೆ ಮೂರು ತಿಂಗಳು ಕಾದು ಪರೀಕ್ಷೆ ಮಾಡಿಸುವವರೆಗೆ ಬೇರೆ ಸಾಧನ ಬೇಕು.

ಕಾಂಡೋಮ್ ಹರಿದರೆ ಲಿವೊನೊರ್ಜೆಸ್ಟ್ರೆಲ್ ತುರ್ತು ಮಾತ್ರೆ ಇದೆ. 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು. 40 ದಾಟಿದವರೂ ತೆಗೆದುಕೊಳ್ಳಬಹುದು.

ಅನುಮಾನ ಬಂದರೆ

ಮುಟ್ಟು ತಪ್ಪುವುದು, ಎದೆ ನೋವು, ಸುಸ್ತು, ವಾಕರಿಕೆ. ಗರ್ಭಕ್ಕೂ ಇವೇ, ಎಚ್‌ಆರ್‌ಟಿಯ ಮೊದಲ ತಿಂಗಳುಗಳಿಗೂ ಇವೇ. ಊಹೆ ಮಾಡುತ್ತಾ ಕೂರಬೇಡಿ. ಸೇರಿ ಮೂರು ವಾರವಾದ ಮೇಲೆ ಮೂತ್ರದ ಕಿಟ್‌ನಲ್ಲಿ ನೋಡಿ. ಎಚ್‌ಆರ್‌ಟಿಯಿಂದ ಅದರ ಫಲಿತಾಂಶ ಬದಲಾಗುವುದಿಲ್ಲ. ಎರಡು ಗೆರೆ ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಎಚ್‌ಆರ್‌ಟಿ ತೆಗೆದುಕೊಳ್ಳುತ್ತಿರುವುದನ್ನು ಮೊದಲು ಹೇಳಿ. ಬೇಡದ ಗರ್ಭವಾದರೆ, ಗರ್ಭನಿರೋಧಕ ವಿಫಲವಾದದ್ದನ್ನೂ ಕಾನೂನು ಕಾರಣವಾಗಿ ಒಪ್ಪುತ್ತದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ವಯಸ್ಕ ಹೆಂಗಸಿನ ಒಪ್ಪಿಗೆ ಒಂದೇ ಬೇಕು, ಗಂಡನ ಸಹಿ ಬೇಡ.

ಎಚ್‌ಆರ್‌ಟಿ ಇರುವಾಗ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಂಡರೆ, ಅಥವಾ ಸೇರಿದ ಮೇಲೆ ರಕ್ತ ಬಂದರೆ, ಅದನ್ನೂ ತೋರಿಸಿ.

ಕೇಳಲು ನಾಚಿಕೆ ಅನ್ನುವವರೇ ಜಾಸ್ತಿ. ಮಗಳಿಗೆ ಗಂಡು ನೋಡುವ ಹೊತ್ತಿನಲ್ಲಿ ತಾಯಿ ಇದನ್ನು ಕೇಳುವುದಾ ಅಂತ ನನ್ನ ಗೆಳತಿಯೂ ಹಿಂಜರಿದಳು. ಕೊನೆಗೆ ನಾನೇ ಜೊತೆಗೆ ಹೋದೆ. ಅವಳ ಕೈಯಲ್ಲಿ ಒಂದು ಚೀಟಿ: ವಯಸ್ಸು, ಕೊನೆಯ ಮುಟ್ಟಿನ ತಾರೀಕು, ಕಾಪರ್ ಟಿ ಹಾಕಿಸಿದ್ದು 41ರಲ್ಲಿ, ಬಿಪಿ ಇದೆ, ಆಪರೇಷನ್ ಯಾವುದೂ ಆಗಿಲ್ಲ. ಬಾಯಿಂದ ಹೇಳಲಾಗದ್ದನ್ನು ಚೀಟಿಯ ಕೊನೆಗೆ ಬರೆದಿದ್ದಳು: "ಗರ್ಭ ನಿಲ್ಲಬಹುದಾ?" ಡಾಕ್ಟರು ಓದಿ, ಕುರ್ಚಿ ಹತ್ತಿರ ಎಳೆದುಕೊಂಡು ಮಾತಾಡಿದರು. ಈಸ್ಟ್ರೋಜನ್ ಮಾತ್ರೆಯ ಬದಲು ಚರ್ಮಕ್ಕೆ ಹಚ್ಚುವ ಜೆಲ್ ಕೊಟ್ಟರು. ಮಾತ್ರೆಯಷ್ಟು ರಕ್ತ ಹೆಪ್ಪುಗಟ್ಟುವ ಭಯ ಅದರಲ್ಲಿಲ್ಲ. ಪ್ರೊಜೆಸ್ಟೆರಾನ್ ಗುಳಿಗೆ ಹಾಗೇ ಮುಂದುವರಿಯಿತು.

ಕಾಪರ್ ಟಿ ಈಗಲೂ ಇದ್ದಲ್ಲೇ ಇದೆ.